ಮೈಮೇಲಿನ ಕೂದಲು: ತೆಗೆಯಲು ಹೇಳಿದವರು ಯಾರು?

ನಿಮ್ಮ ಮುಂಗೈಯನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ನೀವು ಹುಡುಗರಾಗಿರಲಿ, ಹುಡುಗಿಯರಾಗಿರಲಿ, ಚರ್ಮದ ಮೇಲೆ ತೆಳುವಾದ ರೋಮಗಳು ಕಾಣುತ್ತವೆ. ಅಂಗೈ, ಅಂಗಾಲು, ತುಟಿ ಇಂಥ ಕೆಲವೇ ಜಾಗಗಳನ್ನು ಬಿಟ್ಟರೆ ನಮ್ಮ ಮೈಯಲ್ಲಿ ರೋಮವಿಲ್ಲದ ಜಾಗವೇ ಇಲ್ಲ. ಮನುಷ್ಯನ ಚರ್ಮದಲ್ಲಿ ಸುಮಾರು 50 ಲಕ್ಷ ರೋಮಕೂಪಗಳಿವೆ. ಅವುಗಳಲ್ಲಿ ತಲೆಯ ಮೇಲಿರುವುದು ಒಂದು ಲಕ್ಷದಷ್ಟು ಮಾತ್ರ. ಮೈತುಂಬ ತುಪ್ಪಳವಿರುವ ಚಿಂಪಾಂಜಿಗೂ ನಮಗೂ ಈ ಲೆಕ್ಕದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ವ್ಯತ್ಯಾಸವಿರುವುದು ಕೂದಲಿನ ಗಾತ್ರದಲ್ಲಿ: ಅದರದ್ದು ದಪ್ಪ, ಉದ್ದ; ನಮ್ಮದು ಬಹುಪಾಲು ಕಣ್ಣಿಗೇ ಬೀಳದಷ್ಟು ಸಣ್ಣ.

ಹಳಗನ್ನಡದಲ್ಲಿ ಕೂದಲಿಗೆ ‘ನವಿರ್’ ಎಂಬ ಹೆಸರಿತ್ತು. ಪತ್ರಿಕೆಗಳು ಈಗಲೂ ‘ನವಿರೇಳಿಸುವ ಪಂದ್ಯ’ ಎಂದು ಬರೆಯುತ್ತವಲ್ಲ, ಅದರ ಅರ್ಥ ಕೂದಲು ನಿಮಿರಿಸುವ ಪಂದ್ಯ ಎಂದೇ. ‘ರೋಮಾಂಚನ’ವೂ ಅದೇ. ಪ್ರತಿ ರೋಮದ ಬುಡಕ್ಕೂ ಒಂದು ಪುಟ್ಟ ಸ್ನಾಯು ಅಂಟಿಕೊಂಡಿದೆ. ಚಳಿಯಾದಾಗ, ಹೆದರಿದಾಗ ಅದು ಬಿಗಿಯುತ್ತದೆ, ರೋಮ ಎದ್ದು ನಿಲ್ಲುತ್ತದೆ. ನಾಯಿಯನ್ನು ಕಂಡ ಬೆಕ್ಕು ಮೈ ಉಬ್ಬಿಸಿಕೊಂಡು ದೊಡ್ಡದಾಗಿ ಕಾಣುವುದು ಈ ಉಪಾಯದಿಂದಲೇ. ನಮ್ಮ ಪಾಲಿಗೆ ಆ ಉಪಯೋಗ ಹೋಗಿ ಎಷ್ಟೋ ಕಾಲವಾಯಿತು, ಮಾತು ಉಳಿದಿದೆ.

ಇಷ್ಟು ಸಾಮಾನ್ಯವಾದ ವಸ್ತುವಿನ ಬಗ್ಗೆ ಎಷ್ಟೊಂದು ನಾಚಿಕೆ! ನಮ್ಮ ಕಾರ್ಯಕ್ರಮಕ್ಕೆ ಬರುವ ಪ್ರಶ್ನೆಗಳಲ್ಲಿ ಹೆಸರು ಬರೆಯದೆ ಕಳಿಸುವಂಥವು ಕೆಲವಿರುತ್ತವೆ. ಮೇಲ್ದುಟಿಯ ಮೇಲೆ ಮೂಡಿದ ಕೂದಲಿನ ಬಗ್ಗೆ ಕೇಳುವ ಹುಡುಗಿ, ಇನ್ನೂ ಮೀಸೆ ಮೂಡದಿರುವ ಬಗ್ಗೆ ಕೇಳುವ ಹುಡುಗ, ಇಬ್ಬರೂ ಆ ಗುಂಪಿನವರು. ಇದು ನಕ್ಕು ಬಿಟ್ಟುಬಿಡುವ ಸಂಗತಿಯಲ್ಲ. 2024ರ ಏಪ್ರಿಲ್‌ನಲ್ಲಿ ಉತ್ತರ ಭಾರತದ ಒಂದು ರಾಜ್ಯದಲ್ಲಿ ಹತ್ತನೆಯ ತರಗತಿಯ ಪರೀಕ್ಷೆಯಲ್ಲಿ ಎಲ್ಲರಿಗಿಂತ ಹೆಚ್ಚು ಅಂಕ ಪಡೆದ ಬಾಲಕಿಯ ಭಾವಚಿತ್ರ ಪ್ರಕಟವಾಯಿತು. ಮೊಬೈಲ್ ಹಿಡಿದು ಕುಳಿತ ಸಾವಿರಾರು ಮಂದಿ ಅವಳ ಅಂಕಗಳನ್ನು ನೋಡಲಿಲ್ಲ. ಮುಖದ ಮೇಲಿನ ಕೂದಲನ್ನು ನೋಡಿ ಹೀಯಾಳಿಸಿದರು. ಹೀಗೆ ಹೀಯಾಳಿಸಿದವರಿಗೆ ಯಾವ ಕೂದಲು ಎಲ್ಲಿರಬೇಕು, ಎಲ್ಲಿರಬಾರದು ಎಂಬ ನಿಯಮ ಎಲ್ಲಿಂದ ಬಂತು? ಶರೀರಶಾಸ್ತ್ರದ ಪುಸ್ತಕದಲ್ಲಂತೂ ಅದಿಲ್ಲ. ಹಾಗಾದರೆ ಇನ್ನೆಲ್ಲಿ ಎಂದು ಹುಡುಕುವುದು ಈ ಲೇಖನದ ಕೆಲಸ.

ಸತ್ತ ಎಳೆ, ಜೀವಂತ ಬೇರು

ಮೊದಲು ಕೂದಲೆಂದರೇನೆಂದು ತಿಳಿಯೋಣ. ಚರ್ಮದಿಂದ ಹೊರಗೆ ಕಾಣುವ ಎಳೆಯಲ್ಲಿ ಜೀವವಿಲ್ಲ. ಅದು ಕೆರಾಟಿನ್ ಎಂಬ ಪ್ರೋಟೀನು ತುಂಬಿಕೊಂಡ ಸತ್ತ ಕೋಶಗಳ ಹಗ್ಗ. ಉಗುರೂ ಅದೇ, ದನದ ಕೊಂಬಿನ ಹೊರಕವಚವೂ ಅದೇ. ಜೀವವಿರುವುದು ಚರ್ಮದ ಒಳಗೆ, ಕೂಪದ ತಳದಲ್ಲಿರುವ ಸಣ್ಣ ಗೆಡ್ಡೆಯಂಥ ಭಾಗದಲ್ಲಿ. ಅಲ್ಲಿ ಕೋಶಗಳು ಹುಟ್ಟುತ್ತವೆ, ಮೇಲಕ್ಕೆ ತಳ್ಳಲ್ಪಡುತ್ತವೆ, ದಾರಿಯಲ್ಲೇ ಗಟ್ಟಿಯಾಗಿ ಸಾಯುತ್ತವೆ. ಕತ್ತರಿಸಿದರೆ ನೋವಾಗದು, ಕಿತ್ತರೆ ನೋವಾಗುತ್ತದೆ. ಕಾರಣ ಇದೇ.

ಪ್ರತಿ ಕೂಪವೂ ಸ್ವಲ್ಪ ಕಾಲ ದುಡಿಯುತ್ತದೆ, ಸ್ವಲ್ಪ ಕಾಲ ವಿಶ್ರಮಿಸುತ್ತದೆ. ತಲೆಯ ಕೂಪ ಎರಡರಿಂದ ಆರು ವರ್ಷ ಬಿಡದೆ ದುಡಿದು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಎಳೆಯನ್ನು ಹೊರಹಾಕುತ್ತದೆ. ಆಮೇಲೆ ಆ ಕೂದಲು ಉದುರಿ, ಹೊಸತು ಹುಟ್ಟುತ್ತದೆ. ಹುಬ್ಬಿನ, ಮುಂಗೈಯ ಕೂಪಗಳು ಕೆಲವೇ ತಿಂಗಳು ದುಡಿದು ಮಲಗಿಬಿಡುತ್ತವೆ. ಜಡೆಯನ್ನು ಮೊಣಕಾಲವರೆಗೆ ಬೆಳೆಸಿದವರುಂಟು. ಹುಬ್ಬನ್ನು ಹಾಗೆ ಬೆಳೆಸಿದವರಿಲ್ಲ.

ಮಗುವಿನ ಮೈಯಲ್ಲಿರುವ ಸಣ್ಣ ನವಿರು ಹರೆಯ ಬಂದಾಗ ಕೆಲವು ಜಾಗಗಳಲ್ಲಿ ದಪ್ಪ ಕೂದಲಾಗಿ ಮಾರ್ಪಡುತ್ತದೆ. ಹೊಸ ಕೂಪವೇನೂ ಹುಟ್ಟುವುದಿಲ್ಲ. ಇದ್ದ ಕೂಪಕ್ಕೇ ಹೊಸ ಆಜ್ಞೆ ಬರುತ್ತದೆ. ಆಜ್ಞೆ ತರುವುದು ಆಂಡ್ರೊಜನ್ ಎಂಬ ಗುಂಪಿನ ಹಾರ್ಮೋನುಗಳು. ಇವನ್ನು ‘ಗಂಡು ಹಾರ್ಮೋನು’ ಎಂದು ಕರೆಯುವ ರೂಢಿಯಿದೆಯಾದರೂ ಹೆಣ್ಣಿನ ದೇಹದಲ್ಲೂ ಇವು ತಯಾರಾಗುತ್ತವೆ. ಪ್ರಮಾಣ ಕಡಿಮೆ, ಅಷ್ಟೆ. ಹುಡುಗಿಯರ ಕಂಕುಳಲ್ಲಿ ಕೂದಲು ಬರುವುದೂ ಇವುಗಳಿಂದಲೇ. ಒಂದೇ ಹಾರ್ಮೋನಿಗೆ ಬೇರೆ ಬೇರೆ ಜಾಗದ ಕೂಪಗಳು ಬೇರೆ ಬೇರೆ ರೀತಿಯಲ್ಲಿ ಓಗೊಡುತ್ತವೆ. ಗದ್ದದ ಕೂದಲನ್ನು ದಪ್ಪ ಮಾಡುವ ಹಾರ್ಮೋನೇ, ಬಕ್ಕತಲೆಯ ಮನೆತನದಲ್ಲಿ ಹುಟ್ಟಿದ ಗಂಡಸಿನ ನೆತ್ತಿಯ ಕೂದಲನ್ನು ತೆಳುವಾಗಿಸುತ್ತದೆ. ಗಡ್ಡ ಹುಲುಸಾಗಿದ್ದು ತಲೆ ಮಾತ್ರ ಬೋಳಾಗಿರುವವರನ್ನು ನೀವು ನೋಡಿರುತ್ತೀರಿ.

ಈಗ ಆ ಹಳೆಯ ಪ್ರಶ್ನೆ: ಬ್ಲೇಡು ಹಾಕಿದರೆ ಕೂದಲು ದಪ್ಪಗೆ, ಬೇಗ ಬೆಳೆಯುತ್ತದೆಯೆ? ಇಲ್ಲ. ಅಮೆರಿಕದ ಅಂಗರಚನಾ ವಿಜ್ಞಾನಿ ಮಿಲ್ಡ್ರೆಡ್ ಟ್ರಾಟರ್ ಎಂಬ ಮಹಿಳೆ ಇದನ್ನು ಅಳೆದು ನೋಡಿ 1928ರಲ್ಲೇ ಪ್ರಕಟಿಸಿದರು. ಬೋಳಿಸುವುದರಿಂದ ಕೂದಲಿನ ದಪ್ಪವಾಗಲಿ, ಬಣ್ಣವಾಗಲಿ, ಬೆಳೆಯುವ ವೇಗವಾಗಲಿ ಬದಲಾಗಲಿಲ್ಲ. ಬ್ಲೇಡು ತಾಗುವುದು ಸತ್ತ ಎಳೆಗೆ. ಒಳಗಿರುವ ಬೇರಿಗೆ ಹೊರಗೆ ನಡೆದದ್ದರ ಸುದ್ದಿಯೇ ಮುಟ್ಟುವುದಿಲ್ಲ. ಆದರೂ ಕೈಗೆ ಒರಟಾಗಿ ತಗಲುತ್ತದಲ್ಲ? ಕತ್ತರಿಸದ ಕೂದಲಿನ ತುದಿ ಸವೆದು ಮೊನಚಾಗಿರುತ್ತದೆ, ಬಾಗುತ್ತದೆ. ಕತ್ತರಿಸಿದ ಕೂದಲಿನ ತುದಿ ಕೊಯ್ದ ಜೋಳದ ಕೂಳೆಯಂತೆ ಮೊಂಡಾಗಿರುತ್ತದೆ. ಇದಕ್ಕೆ ಇನ್ನೊಂದು ಕಾರಣವೂ ಸೇರಿಕೊಳ್ಳುತ್ತದೆ. ಹುಡುಗರು ಮೀಸೆಗೆ ಕತ್ತಿ ಮುಟ್ಟಿಸುವುದು, ಹುಡುಗಿಯರು ಕೈಕಾಲಿನ ಕೂದಲು ತೆಗೆಯತೊಡಗುವುದು ಹದಿಹರೆಯದಲ್ಲಿ. ಆ ವಯಸ್ಸಿನಲ್ಲಿ ಕೂದಲು ತನ್ನಷ್ಟಕ್ಕೆ ದಪ್ಪವಾಗುತ್ತಿರುತ್ತದೆ. ಅಪವಾದ ಮಾತ್ರ ಬ್ಲೇಡಿನ ತಲೆಗೆ.

ಎಳೆಮಗುವಿನ ಮೈಗೆ ಎಣ್ಣೆ ಹಚ್ಚಿ, ಕಡಲೆಹಿಟ್ಟಿನಿಂದ ತಿಕ್ಕಿ ಕೂದಲು ‘ಉದುರಿಸುವ’ ಪದ್ಧತಿ ನಮ್ಮ ಮನೆಗಳಲ್ಲಿದೆ. ಕೂದಲು ಉದುರುವುದೂ ನಿಜ. ಆದರೆ ತಾಯಿಯ ಗರ್ಭದಲ್ಲಿದ್ದಾಗ ಬಂದ ಆ ರೋಮ ತಿಕ್ಕದಿದ್ದರೂ ಕೆಲವು ವಾರಗಳಲ್ಲಿ ಉದುರುವಂಥದ್ದೇ. ಅಜ್ಜಿಯ ಕೈಯ ಬಿಸಿ ಎಣ್ಣೆ ಮಗುವಿಗೆ ಹಿತವಾಗಿರುತ್ತದೆ, ಅದು ಬೇರೆ ಮಾತು. ಗಟ್ಟಿಯಾಗಿ ತಿಕ್ಕಿ ಚರ್ಮ ಕೆಂಪಾಗಿಸುವ ಅಗತ್ಯವಿಲ್ಲ.

ಸುಣ್ಣ, ಅರದಾಳ, ಸಕ್ಕರೆ ಪಾಕ

ಕೂದಲು ತೆಗೆಯುವ ದಾರಿಗಳು ಮೂರೇ: ಕತ್ತರಿಸುವುದು, ಕೀಳುವುದು, ಕರಗಿಸುವುದು. ಮೂರೂ ಬಹಳ ಹಳೆಯವು. ಕರಗಿಸುವುದು ಅವುಗಳಲ್ಲಿ ಹೆಚ್ಚು ಸ್ವಾರಸ್ಯದ್ದಾದ್ದರಿಂದ (ರಸಾಯನಶಾಸ್ತ್ರ ಓದಿದವನ ಪಕ್ಷಪಾತವೆಂದು ಬೇಕಾದರೆ ತಿಳಿಯಿರಿ) ಅದನ್ನೇ ಮೊದಲು ನೋಡೋಣ.

ಸುಶ್ರುತ ಸಂಹಿತೆಯಲ್ಲಿ ಗಾಯಗಳಿಗೆ ಮಾಡಬೇಕಾದ ಅರವತ್ತು ಉಪಚಾರಗಳ ಪಟ್ಟಿಯಿದೆ. ಅವುಗಳಲ್ಲಿ ಒಂದು ರೋಮ ತೆಗೆಯುವುದು. ಗಾಯದ ಸುತ್ತ ಕೂದಲಿದ್ದರೆ ಅದು ಮಾಯುವುದಿಲ್ಲವೆಂಬ ಕಾರಣಕ್ಕೆ ಕತ್ತಿ, ಕತ್ತರಿ, ಚಿಮಟಗಳನ್ನು ಹೇಳಿದ ಮೇಲೆ ಒಂದು ಲೇಪವನ್ನೂ ಹೇಳಿದೆ: ಶಂಖದ ಪುಡಿ ಎರಡು ಪಾಲು, ಹರಿತಾಳ ಒಂದು ಪಾಲು, ಹುಳಿಯಲ್ಲಿ ಅರೆದದ್ದು. ಹರಿತಾಳವೆಂದರೆ ಅರದಾಳ, ಆರ್ಸೆನಿಕ್ ಮತ್ತು ಗಂಧಕ ಸೇರಿದ ಹಳದಿ ಖನಿಜ. ಶಂಖ ಸುಣ್ಣದ ಮೂಲ. ಪರ್ಷಿಯ, ತುರ್ಕಿ, ಅರಬ್ ನಾಡುಗಳ ಸ್ನಾನಗೃಹಗಳಲ್ಲಿ ಬಳಸುತ್ತಿದ್ದ ಲೇಪವೂ ಇದೇ ಜೋಡಿ: ಸುಟ್ಟಸುಣ್ಣ ಮತ್ತು ಅರದಾಳ.

ಇದು ಕೆಲಸ ಮಾಡುವ ಬಗೆ ಹೀಗೆ. ಕೆರಾಟಿನ್ನಿನ ಎಳೆಗಳನ್ನು ಒಂದಕ್ಕೊಂದು ಬಿಗಿದಿರುವುದು ಗಂಧಕದ ಪರಮಾಣುಗಳ ಜೋಡಿಬಂಧ. ಏಣಿಯ ಎರಡು ಕಾಲುಗಳ ನಡುವೆ ಮೆಟ್ಟಿಲಿರುವಂತೆ ಈ ಬಂಧಗಳಿವೆ ಎಂದುಕೊಳ್ಳಿ. ಸುಣ್ಣ ಪ್ರಬಲ ಕ್ಷಾರ. ಅದು ಕೂದಲನ್ನು ಉಬ್ಬಿಸುತ್ತದೆ. ಅರದಾಳದಿಂದ ಬಿಡುಗಡೆಯಾದ ಸಲ್ಫೈಡು ಮೆಟ್ಟಿಲುಗಳನ್ನು ಮುರಿಯುತ್ತದೆ. ಕೂದಲು ಗಂಜಿಯಂತಾಗಿ ಒರೆಸಿದರೆ ಬರುತ್ತದೆ. ಚರ್ಮ ಹದಮಾಡುವವರು ತೊಗಲನ್ನು ಸುಣ್ಣದ ಹೊಂಡದಲ್ಲಿ ನೆನೆಸಿ ಕೂದಲು ಬಿಡಿಸುವುದೂ ಇದೇ ತತ್ತ್ವದಿಂದ. ಮುಂದೆ ಅಂಗಡಿಗಳಲ್ಲಿ ಬಂದ ಕೂದಲು ತೆಗೆಯುವ ಪುಡಿಗಳಲ್ಲಿ ಬೇರಿಯಂ ಸಲ್ಫೈಡು ಇರುತ್ತಿತ್ತು. ನೀರು ಸೋಕಿದೊಡನೆ ಕೊಳೆತ ಮೊಟ್ಟೆಯ ವಾಸನೆ. ಇಂದಿನ ಕ್ರೀಮುಗಳಲ್ಲಿ ಆ ಕೆಲಸವನ್ನು ಥಯೋಗ್ಲೈಕೊಲೇಟ್ ಎಂಬ ಲವಣ ಮಾಡುತ್ತದೆ. ಅದರಲ್ಲೂ ಗಂಧಕವೇ ಇರುವುದು, ಜತೆಗೆ ಕ್ಷಾರವೂ ಉಂಟು. ಸುಗಂಧ ಎಷ್ಟೇ ಬೆರೆಸಿದರೂ ಹಿಂದಿನಿಂದ ಆ ವಾಸನೆ ಇಣುಕುತ್ತದೆ. ಒಂದು ಮಾತು ನೆನಪಿರಲಿ. ಚರ್ಮದ ಹೊರಪದರವೂ ಕೆರಾಟಿನ್ನಿನದೇ. ಕ್ರೀಮಿಗೆ ಕೂದಲು ಯಾವುದು, ಚರ್ಮ ಯಾವುದು ಎಂಬ ವಿವೇಕವಿಲ್ಲ. ಡಬ್ಬಿಯ ಮೇಲೆ ಇಷ್ಟೇ ನಿಮಿಷವೆಂದು ಬರೆದಿದ್ದರೆ ಅಷ್ಟೇ ನಿಮಿಷ. ಮೊದಲ ಸಲವಾದರೆ ಮೊಳಕೈ ಒಳಭಾಗದಲ್ಲಿ ಒಂದು ಬೊಟ್ಟು ಹಚ್ಚಿ, ಹೇಳಿದಷ್ಟು ಹೊತ್ತು ಬಿಟ್ಟು ತೊಳೆದು, ಒಂದು ದಿನ ಕಾದು ನೋಡುವುದು ಕ್ಷೇಮ.

ಕೀಳುವ ವಿಧಾನದಲ್ಲಿ ಅಡುಗೆಮನೆಯ ರಸಾಯನಶಾಸ್ತ್ರವಿದೆ. ಈಜಿಪ್ಟ್ ಮತ್ತು ಅರಬ್ ನಾಡುಗಳ ಹೆಂಗಸರು ಸಕ್ಕರೆಗೆ ನಿಂಬೆರಸ, ನೀರು ಸೇರಿಸಿ ಕಾಯಿಸಿ ಅಂಟುಪಾಕ ಮಾಡಿಕೊಂಡು ಅದರಿಂದ ಕೂದಲು ಕೀಳುತ್ತಾರೆ. ನಿಂಬೆ ಏಕೆ? ನಮ್ಮಲ್ಲಿ ಪಾಕ ಹರಳುಗಟ್ಟದಿರಲೆಂದು ನಾಲ್ಕು ಹನಿ ನಿಂಬೆರಸ ಹಿಂಡುವುದಿಲ್ಲವೆ? ಅದಕ್ಕೇ. ಆಮ್ಲ ಸಕ್ಕರೆಯ ಅಣುವನ್ನು ಗ್ಲೂಕೋಸ್ ಮತ್ತು ಫ್ರುಕ್ಟೋಸ್ ಎಂದು ಒಡೆಯುತ್ತದೆ. ಮಿಶ್ರಣ ಹರಳುಗಟ್ಟಲಾರದೆ ಎಳೆಎಳೆಯಾಗಿ ಅಂಟಾಗಿ ಉಳಿಯುತ್ತದೆ. ನೂಲಿನಿಂದ ಕೀಳುವುದೂ ಪಶ್ಚಿಮ ಏಷ್ಯ, ಚೀನ, ಭಾರತಗಳಲ್ಲಿ ಹಳೆಯದು. ನಮ್ಮ ಊರುಗಳ ಬ್ಯೂಟಿ ಪಾರ್ಲರುಗಳಲ್ಲಿ ಹಲ್ಲಿನಲ್ಲಿ ಒಂದು ತುದಿ ಕಚ್ಚಿ ಹಿಡಿದು ಹೊಸೆದ ದಾರದಿಂದ ಹುಬ್ಬು ತೀಡುವುದನ್ನು ನೋಡಿದ್ದೀರಷ್ಟೆ. ಅದೇ ‘ಥ್ರೆಡಿಂಗ್’.

ಒಂದೇ ಕೆಲಸ, ಬೇರೆ ಬೇರೆ ಅರ್ಥ

ಪರ್ಷಿಯದಲ್ಲಿ ಹಿಂದೆ ಮದುವೆಯಾಗದ ಹುಡುಗಿ ಮುಖದ ಕೂದಲನ್ನು ಮುಟ್ಟುವಂತಿರಲಿಲ್ಲ. ಮದುವೆಯ ಮುಂಚೆ ಹೆಂಗಸರೆಲ್ಲ ಸೇರಿ ಅವಳ ಮುಖಕ್ಕೆ ಮೊದಲ ಬಾರಿ ದಾರ ಹಚ್ಚುವುದೇ ಒಂದು ಶಾಸ್ತ್ರ. ಚೀನದಲ್ಲೂ ಮದುಮಗಳಿಗೆ ಹೀಗೆಯೇ ನೂಲಿನಿಂದ ‘ಮುಖ ತೆರೆಯುವ’ ಪದ್ಧತಿ ಇತ್ತು. ನಮ್ಮಲ್ಲಿ ತಾಳಿ, ಕಾಲುಂಗುರ ಏನು ಹೇಳುತ್ತವೋ ಅದನ್ನು ಅಲ್ಲಿ ತೀಡಿದ ಹುಬ್ಬು ಹೇಳುತ್ತಿತ್ತು.

ಇನ್ನೂ ಹಿಂದಕ್ಕೆ ಹೋದರೆ ಈಜಿಪ್ಟಿನ ಪುರೋಹಿತರು. ಅವರು ದಿನ ಬಿಟ್ಟು ದಿನ ಇಡೀ ಮೈ ಬೋಳಿಸಿಕೊಳ್ಳುತ್ತಿದ್ದರೆಂದೂ, ದೇವರ ಸೇವೆಯಲ್ಲಿರುವವರ ಮೈಮೇಲೆ ಹೇನು ಮುಂತಾದ ಮೈಲಿಗೆ ಇರಬಾರದೆಂಬುದು ಕಾರಣವೆಂದೂ ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಕ್ರಿ.ಪೂ. 5ನೆಯ ಶತಮಾನದಲ್ಲಿ ಬರೆದಿದ್ದಾನೆ. ರೋಮ್ ನಗರದ ಸ್ನಾನಗೃಹಗಳಲ್ಲಿ ಕೂದಲು ಕೀಳುವುದೇ ಕಸುಬಾಗಿದ್ದವರಿದ್ದರು. ಸ್ನಾನಗೃಹದ ಮೇಲುಮಹಡಿಯಲ್ಲಿ ವಾಸಿಸುತ್ತಿದ್ದ ತತ್ತ್ವಜ್ಞಾನಿ ಸೆನೆಕ ತನ್ನ ಒಂದು ಪತ್ರದಲ್ಲಿ ಅವರ ಗಲಾಟೆಯನ್ನು ದೂರಿದ್ದಾನೆ. ಗಿರಾಕಿಯನ್ನು ಕರೆಯುವಾಗ ಅವರ ಕೀರಲು ಕೂಗು. ಗಿರಾಕಿ ಸಿಕ್ಕಿ ಕಂಕುಳಿಗೆ ಕೈಹಾಕಿದ ಮೇಲೆ ಗಿರಾಕಿಯ ಕೂಗು!

ಇಸ್ಲಾಮಿನಲ್ಲಿ ಕಂಕುಳು ಮತ್ತು ಗುಹ್ಯಭಾಗದ ಕೂದಲನ್ನು ತೆಗೆಯುವುದು ಗಂಡಸರಿಗೂ ಹೆಂಗಸರಿಗೂ ಹೇಳಿದ ಶುಚಿತ್ವದ ನಿಯಮ. ನಲವತ್ತು ದಿನ ಮೀರಬಾರದೆಂಬ ಗಡುವೂ ಉಂಟು. ಸಿಖ್ಖರಲ್ಲಿ ಇದಕ್ಕೆ ನೇರ ವಿರುದ್ಧ. ದೀಕ್ಷೆ ಪಡೆದವರು, ಗಂಡಾಗಲಿ ಹೆಣ್ಣಾಗಲಿ, ಮೈಯ ಯಾವ ಕೂದಲನ್ನೂ ಕತ್ತರಿಸಬಾರದು. ಒಬ್ಬರಿಗೆ ತೆಗೆಯುವುದು ಭಕ್ತಿ, ಇನ್ನೊಬ್ಬರಿಗೆ ಉಳಿಸುವುದು ಭಕ್ತಿ. ಎರಡರಲ್ಲೂ ಶ್ರದ್ಧೆ ಒಂದೇ ಬಗೆಯದು.

ಕರ್ನಾಟಕದಲ್ಲಿ ಜೈನರ ಕೇಶಲೋಚವನ್ನು ಕೇಳಿರುತ್ತೀರಿ. ದಿಗಂಬರ ಮುನಿಗಳು ಎರಡರಿಂದ ನಾಲ್ಕು ತಿಂಗಳಿಗೊಮ್ಮೆ ತಲೆ, ಮೀಸೆ, ಗಡ್ಡದ ಕೂದಲನ್ನು ಕೈಯಿಂದಲೇ ಕಿತ್ತುಕೊಳ್ಳುತ್ತಾರೆ. ಆರ್ಯಿಕೆಯರೂ ಹೀಗೆಯೇ. ಕತ್ತಿ ಇಟ್ಟುಕೊಂಡರೆ ಅದೂ ಒಂದು ಆಸ್ತಿ. ಕ್ಷೌರಿಕನನ್ನು ಕರೆದರೆ ಪರಾಧೀನತೆ. ಕೂದಲು ಬೆಳೆಯಬಿಟ್ಟರೆ ಹೇನಾಗಿ ಹಿಂಸೆಗೆ ದಾರಿ. ಆದ್ದರಿಂದ ಬರಿಗೈ. ಪಾರ್ಲರಿನ ಕುರ್ಚಿಯಲ್ಲಿ ಕುಳಿತವರೂ ಶ್ರವಣಬೆಳಗೊಳದ ಮುನಿಗಳೂ ಅನುಭವಿಸುವ ನೋವಿನ ನರ ಒಂದೇ. ಒಂದು ದೇಹವನ್ನು ಅಂದಗೊಳಿಸುವುದಕ್ಕೆ, ಇನ್ನೊಂದು ದೇಹದ ಅಂದದಿಂದ ಬಿಡಿಸಿಕೊಳ್ಳುವುದಕ್ಕೆ.

ಅಂದದ ಮಾತು ಬಂದದ್ದರಿಂದ ಒಂದು ಪದ. ಹಳಗನ್ನಡದಲ್ಲಿ ‘ಬಾಸೆ’ ಎಂದರೆ ಹೊಕ್ಕುಳಿನಿಂದ ಎದೆಯ ಕಡೆಗೆ ಏರುವ ರೋಮಗಳ ಸಣ್ಣ ಸಾಲು. ಸಂಸ್ಕೃತದಲ್ಲಿ ರೋಮರಾಜಿ, ರೋಮಾವಳಿ. ಕವಿಗಳು ಹೆಣ್ಣಿನ ಸೌಂದರ್ಯವನ್ನು ವರ್ಣಿಸುವಾಗ ಕಣ್ಣು, ಮುಡಿ, ನಡುಗಳ ಜತೆಗೆ ಇದನ್ನೂ ಬಿಡದೆ ಹೊಗಳಿದ್ದಾರೆ. ಬಾಸೆಯಿಲ್ಲದೆ ನಾಯಿಕೆಯ ವರ್ಣನೆ ಪೂರ್ತಿಯಾಗುತ್ತಿರಲಿಲ್ಲವೆಂದರೂ ಸಲ್ಲುತ್ತದೆ. ಕನ್ನಡ ಸಾಹಿತ್ಯ ಐಚ್ಛಿಕವಾಗಿ ತೆಗೆದುಕೊಂಡವರು ಪರೀಕ್ಷೆಗೆಂದು ಆ ಪದದ ಅರ್ಥವನ್ನು ಉರುಹೊಡೆಯುತ್ತಾರೆ. ಅದೇ ಸಂಜೆ ಆ ಸಾಲನ್ನು ಹೇಗೆ ತೆಗೆಯುವುದೆಂದು ವಿಚಾರಿಸುತ್ತಾರೆ! ದೇಹ ಆಗಿನದ್ದೇ, ಕೂಪವೂ ಆಗಿನದ್ದೇ. ಬದಲಾದದ್ದು ನೋಡುವವರ ಕಣ್ಣು.

ಗಂಡಸರ ವಿಷಯದಲ್ಲೂ ಅಷ್ಟೆ. ಎದೆಯಲ್ಲಿ ಕೂದಲಿಲ್ಲದವನನ್ನು ನಂಬಬಾರದೆಂಬ ಮಾತು ನಮ್ಮ ಕೆಲವು ಹಳ್ಳಿಗಳಲ್ಲಿ ಕೇಳಿಬರುತ್ತದೆ. ಆದರೆ ಪೌರಾಣಿಕ ಧಾರಾವಾಹಿಯ ರಾಮನಿಗೋ ಕೃಷ್ಣನಿಗೋ ಎದೆಗೂದಲಿದ್ದರೆ ಪ್ರೇಕ್ಷಕರು ಒಪ್ಪರು. ನಮ್ಮ ಶಿಲ್ಪಿಗಳು ದೇವರ ಮೈಯನ್ನು ನುಣ್ಣಗೆ ಕಡೆದರು, ಕ್ಯಾಲೆಂಡರಿನ ಚಿತ್ರಕಾರರು ಹಾಗೆಯೇ ಬರೆದರು, ಮೇಕಪ್ ಕೋಣೆಯವರು ಅದನ್ನೇ ಮುಂದುವರಿಸಿದರು. ರಾಕ್ಷಸನ ಪಾತ್ರಧಾರಿಗೆ ಮಾತ್ರ ಈ ಕಾಟವಿಲ್ಲ. ಯಕ್ಷಗಾನದ ಸ್ತ್ರೀವೇಷಧಾರಿಗಳಂತೂ ಮೇಳ ತಿರುಗಾಟದಲ್ಲಿರುವಷ್ಟು ಕಾಲ ಮೀಸೆಯ ಆಸೆ ಬಿಟ್ಟವರೇ.

ಇಲ್ಲಿಯವರೆಗೆ ಹೇಳಿದ್ದೆಲ್ಲ ಬಹುಪಾಲು ಒಪ್ಪಿ ಮಾಡಿಕೊಂಡದ್ದು. ಒಪ್ಪಿಗೆಯಿಲ್ಲದೆ ಮಾಡಿದ್ದೂ ಇದೆ. ಅದು ಮೈಗೂದಲಲ್ಲ, ತಲೆಗೂದಲು. ಆದರೂ ಇಲ್ಲಿ ಬಿಡುವಂತಿಲ್ಲ. ತಿರುಪತಿಯಲ್ಲಿ, ಮಲೆ ಮಹದೇಶ್ವರ ಬೆಟ್ಟದಲ್ಲಿ ಹರಕೆ ಹೊತ್ತು ಮುಡಿ ಕೊಡುವವರು ಸಂತೋಷದಿಂದ ಕೊಡುತ್ತಾರೆ. ಅದೇ ಕತ್ತಿಯಿಂದ ಬ್ರಾಹ್ಮಣರೇ ಮೊದಲಾದ ಕೆಲವು ಜಾತಿಗಳಲ್ಲಿ ಗಂಡ ಸತ್ತ ಹೆಣ್ಣಿನ, ಎಷ್ಟೋ ಸಲ ಇನ್ನೂ ಆಟದ ವಯಸ್ಸಿನ ಹುಡುಗಿಯ, ತಲೆ ಬೋಳಿಸುತ್ತಿದ್ದರು. ಒಮ್ಮೆಯಲ್ಲ, ಬೆಳೆದಂತೆಲ್ಲ, ಸಾಯುವವರೆಗೆ. ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ (1976) ಕಾದಂಬರಿಯನ್ನು ಓದಿ. ತಮ್ಮ ಬಂಧುವರ್ಗದ ಹಿರಿಯಳೊಬ್ಬಳ ಬದುಕನ್ನು ಆಧರಿಸಿ ಬರೆದದ್ದು. ಪ್ರೇಮಾ ಕಾರಂತರು 1983ರಲ್ಲಿ ಅದನ್ನು ಚಲನಚಿತ್ರ ಮಾಡಿದರು. ಇದನ್ನು ವಿರೋಧಿಸಿದವರಲ್ಲಿ ಸಮಾಜ ಸುಧಾರಕರ ಹೆಸರುಗಳು ಪಠ್ಯಪುಸ್ತಕದಲ್ಲಿ ಬರುತ್ತವೆ. ಕ್ಷೌರಿಕರ ಹೆಸರು ಬರುವುದಿಲ್ಲ. 1890ರಲ್ಲಿ ಮುಂಬಯಿಯ ಕ್ಷೌರಿಕರು ಸಭೆ ಸೇರಿ, ಇನ್ನು ಮುಂದೆ ವಿಧವೆಯರ ತಲೆ ಬೋಳಿಸುವುದಿಲ್ಲವೆಂದು ನಿರ್ಧರಿಸಿದರು. ಅವರನ್ನು ಒಗ್ಗೂಡಿಸಿದವರಲ್ಲಿ ಜ್ಯೋತಿಬಾ ಫುಲೆಯವರ ಸಂಗಡಿಗ, ಕಾರ್ಮಿಕ ನಾಯಕ ನಾರಾಯಣ ಮೇಘಾಜಿ ಲೋಖಂಡೆ ಮುಖ್ಯರು. ಕಸುಬಿನಿಂದ ಬರುವ ಕಾಸನ್ನು ಬಿಟ್ಟು, ತಮ್ಮನ್ನು ಕೀಳಾಗಿ ಕಾಣುತ್ತಿದ್ದವರ ಮನೆಯ ಹೆಣ್ಣುಮಕ್ಕಳಿಗಾಗಿ ಅವರು ಕತ್ತಿ ಕೆಳಗಿಟ್ಟರು. ಕ್ಷೌರಿಕರ ಜಾತಿಯ ಹೆಸರನ್ನೇ ಬೈಗುಳವಾಗಿ ಬಳಸುವ ಗೆಳೆಯರು ನಿಮಗಿದ್ದರೆ ಈ ಸಂಗತಿಯನ್ನು ಅವರಿಗೆ ಹೇಳಿ.

ಅಂಗಡಿಯಿಂದ ಬಂದ ಕಟ್ಟಳೆ

ಧರ್ಮ, ಜಾತಿ, ಕಾವ್ಯಗಳು ಹೇಳುತ್ತಿದ್ದ ಮಾತನ್ನು ಇಪ್ಪತ್ತನೆಯ ಶತಮಾನದಲ್ಲಿ ಅಂಗಡಿ ಹೇಳತೊಡಗಿತು. ಅಮೆರಿಕದ ಕಿಂಗ್ ಕ್ಯಾಂಪ್ ಜಿಲೆಟ್ ಎಂಬಾತ ಹಳತಾದಾಗ ಎಸೆದುಬಿಡಬಹುದಾದ ತೆಳು ಬ್ಲೇಡನ್ನು ಮಾರುಕಟ್ಟೆಗೆ ತಂದ. 1903ರಲ್ಲಿ, ಮೊದಲ ವರ್ಷ, ಮಾರಾಟವಾದದ್ದು 51 ರೇಜರು, 168 ಬ್ಲೇಡು. ಮರುವರ್ಷ ರೇಜರುಗಳ ಸಂಖ್ಯೆ 90 ಸಾವಿರ ದಾಟಿತು. ಗಂಡಸರ ಗದ್ದಗಳೆಲ್ಲ ಕೈವಶವಾಗುತ್ತಿದ್ದಂತೆ ಮಾರಾಟಗಾರನ ದೃಷ್ಟಿ ಉಳಿದರ್ಧ ಜನಸಂಖ್ಯೆಯ ಕಡೆಗೆ ಹೊರಳಿತು. 1915ರಲ್ಲಿ ಹೆಂಗಸರಿಗೆಂದೇ ಒಂದು ಪುಟ್ಟ ರೇಜರು ಬಂತು. ಆಗ ತೋಳಿಲ್ಲದ ಉಡುಪಿನ ಹೊಸ ಫ್ಯಾಷನ್ನು. ಕಂಕುಳ ಕೂದಲು ಅಸಹ್ಯವೆಂದು ಪತ್ರಿಕೆಗಳ ಜಾಹೀರಾತುಗಳು ಬೋಧಿಸಿದವು. ಅಲ್ಲಿಯವರೆಗೆ ಅಮೆರಿಕದ ಹೆಂಗಸರಲ್ಲಿ ಬಹುತೇಕರು ಅದರ ಬಗ್ಗೆ ತಲೆಕೆಡಿಸಿಕೊಂಡವರಲ್ಲ. ಎರಡನೆಯ ಮಹಾಯುದ್ಧದಲ್ಲಿ ನೈಲಾನ್ ಪ್ಯಾರಾಚೂಟಿಗೆ ಹೋಗಿ ಕಾಲುಚೀಲಕ್ಕೆ ತತ್ವಾರವಾದಾಗ ಬರಿಗಾಲು ಹೊರಗೆ ಕಂಡಿತು, ಬ್ಲೇಡು ಕಾಲಿಗೂ ಇಳಿಯಿತು. ಟೆಲಿವಿಷನ್ನಿನಲ್ಲಿ ಕೆಲಸ ಮಾಡುವ ನಾನು ಜಾಹೀರಾತನ್ನು ದೂರುವುದು ಸ್ವಲ್ಪ ವಿಚಿತ್ರವೆಂದು ನಿಮಗೆ ತೋರಬಹುದು. ಜಾಹೀರಾತು ಮೊದಲು ಒಂದು ನಾಚಿಕೆಯನ್ನು ಕೊಟ್ಟು ಆಮೇಲೆ ಅದಕ್ಕೆ ಮದ್ದು ಮಾರುವ ಕ್ರಮವನ್ನು ಹತ್ತಿರದಿಂದ ನೋಡಿದವನ ಮಾತೆಂದು ಇಟ್ಟುಕೊಳ್ಳಿ.

ಆ ನಾಚಿಕೆಗೆ ಕೆಲವರು ತೆತ್ತ ಬೆಲೆ ಭಯಂಕರ. ರಾಂಟ್ಜೆನ್ 1895ರಲ್ಲಿ ಎಕ್ಸ್-ಕಿರಣ ಕಂಡುಹಿಡಿದ. ಮರುವರ್ಷವೇ ವಿಯೆನ್ನದ ವೈದ್ಯ ಲಿಯೊಪೋಲ್ಡ್ ಫ್ರಾಯಿಂಡ್ ಅದರಿಂದ ಒಂದು ಮಗುವಿನ ಬೆನ್ನಿನ ಕೂದಲು ಉದುರಿಸಿದ. 1920ರ ದಶಕದಲ್ಲಿ ಆಲ್ಬರ್ಟ್ ಗೈಸರ್ ಎಂಬ ಅಮೆರಿಕದ ವೈದ್ಯ ‘ಟ್ರೈಕೊ’ ಎಂಬ ಹೆಸರಿನ ಎಕ್ಸ್-ಕಿರಣ ಯಂತ್ರವನ್ನು ಊರೂರಿನ ಸೌಂದರ್ಯ ಮಳಿಗೆಗಳಿಗೆ ಒದಗಿಸಿದ. ನೋವಿಲ್ಲ, ಗಾಯವಿಲ್ಲ, ಕೂದಲು ಮಾಯ. ಹೆಂಗಸರು ಗಲ್ಲವನ್ನು ಯಂತ್ರಕ್ಕೆ ಒಡ್ಡಿ ಕುಳಿತರು. ಕೆಲವು ವರ್ಷಗಳಾದ ಮೇಲೆ ಚರ್ಮ ಸುಕ್ಕುಗಟ್ಟಿತು, ಹುಣ್ಣಾಯಿತು. ಇನ್ನಷ್ಟು ವರ್ಷಗಳ ಮೇಲೆ ಎಷ್ಟೋ ಮಂದಿಗೆ ಅಲ್ಲಿಯೇ ಕ್ಯಾನ್ಸರ್. 1930ರ ಸುಮಾರಿಗೆ ‘ಕೊರೆಮ್ಲು’ ಎಂಬ ಕ್ರೀಮು ಬಂತು. ಅದರಲ್ಲಿದ್ದದ್ದು ಇಲಿ ಪಾಷಾಣಕ್ಕೆ ಬಳಸುವ ಥ್ಯಾಲಿಯಂ. ಹಚ್ಚಿದ ಜಾಗದ ಕೂದಲಿನ ಜತೆಗೆ ತಲೆಗೂದಲೂ ಉದುರಿತು, ಕಾಲಿನ ನರಗಳು ಕೆಟ್ಟವು, ಕೆಲವರ ದೃಷ್ಟಿ ಹೋಯಿತು. ಆಗಿನ ಅಮೆರಿಕದ ಕಾನೂನು ಸೌಂದರ್ಯ ಸಾಧನಗಳನ್ನು ಮುಟ್ಟುತ್ತಲೇ ಇರಲಿಲ್ಲ. 1938ರಲ್ಲಿ ಆಹಾರ, ಔಷಧಗಳ ಜತೆಗೆ ಅವನ್ನೂ ಸೇರಿಸಿ ಹೊಸ ಕಾನೂನು ಬಂದದ್ದಕ್ಕೆ ಇಂಥ ಅನಾಹುತಗಳೇ ಹಿನ್ನೆಲೆ.

‘ಅಂದ ಹಾಗಿರಲಿ, ಶುಚಿತ್ವಕ್ಕಾದರೂ ತೆಗೆಯಬೇಡವೆ?’ ಎಂದು ನೀವು ಕೇಳಬಹುದು. ಬೆವರಿನ ವಾಸನೆ ಬರುವುದು ಕೂದಲಿನಿಂದಲ್ಲ, ಬೆವರನ್ನು ತಿನ್ನುವ ಬ್ಯಾಕ್ಟೀರಿಯಗಳಿಂದ. ಕಂಕುಳ ಕೂದಲು ತೆಗೆದರೆ ವಾಸನೆ ಸ್ವಲ್ಪ ಹೊತ್ತು ಕಡಿಮೆಯಿರಬಹುದು. ಸೋಪು ಹಚ್ಚಿ ಸ್ನಾನ ಮಾಡದೆ ಅದೊಂದರಿಂದಲೇ ಪ್ರಯೋಜನವಿಲ್ಲ. ಆಸ್ಪತ್ರೆಗಳ ಅನುಭವ ಇನ್ನೂ ಕುತೂಹಲದ್ದು. ಶಸ್ತ್ರಚಿಕಿತ್ಸೆಗೆ ಮೊದಲು ಬ್ಲೇಡಿನಿಂದ ಬೋಳಿಸುವುದು ಬಹುಕಾಲ ಕಡ್ಡಾಯವಾಗಿತ್ತು. ಬ್ಲೇಡು ಕಣ್ಣಿಗೆ ಕಾಣದ ಗೀರುಗಳನ್ನು ಮಾಡಿ ಸೋಂಕಿಗೆ ದಾರಿಯಾಗುತ್ತದೆಂದು ಆಮೇಲೆ ತಿಳಿಯಿತು. 2016ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಕೊಟ್ಟ ಸೂಚನೆ ಹೀಗೆ: ಕೂದಲು ತೆಗೆಯಬೇಡಿ, ತೆಗೆಯಲೇಬೇಕಾದರೆ ಯಂತ್ರದ ಕತ್ತರಿಯಿಂದ ಮಾತ್ರ, ಬ್ಲೇಡು ಬೇಡ. ಹೆರಿಗೆಗೆ ಮುಂಚೆ ಎಲ್ಲರಿಗೂ ಬೋಳಿಸುವ ಪದ್ಧತಿಯನ್ನು ಅದೇ ಸಂಸ್ಥೆ 1996ರಲ್ಲೇ ಕೈಬಿಡಬೇಕಾದ ಪದ್ಧತಿಗಳ ಪಟ್ಟಿಗೆ ಸೇರಿಸಿತ್ತು.

ಇಷ್ಟಾಗಿಯೂ, ತೆಗೆಯಬೇಕೆನಿಸಿದವರು ತೆಗೆಯಬಾರದೆಂದು ಇಲ್ಲಿ ಯಾರೂ ಹೇಳುತ್ತಿಲ್ಲ. ತಲೆ ಬಾಚಿದಂತೆ, ಉಗುರು ಕತ್ತರಿಸಿದಂತೆ ಅದೂ ನಿಮ್ಮಿಷ್ಟ. ಒಬ್ಬರ ಬ್ಲೇಡನ್ನು ಇನ್ನೊಬ್ಬರು ಬಳಸಬೇಡಿ, ಹಾಸ್ಟೆಲಿನ ಆಪ್ತ ಗೆಳೆಯನದ್ದಾದರೂ ಸರಿ. ಹೆಪಟೈಟಿಸ್-ಬಿ, ಹೆಪಟೈಟಿಸ್-ಸಿ ರಕ್ತದಿಂದ ಹರಡುವ ರೋಗಗಳು. ಗುಂಗುರು ಕೂದಲಿನವರಿಗೆ ಕತ್ತರಿಸಿದ ತುದಿ ಒಳಕ್ಕೆ ತಿರುಗಿ ಚರ್ಮದಲ್ಲೇ ಹೂತು ಗುಳ್ಳೆಯಾಗುವುದುಂಟು. ಅವರು ತೀರ ಬುಡಕ್ಕೆ ಬೋಳಿಸದಿದ್ದರೆ ಒಳಿತು.

ಲೇಸರ್ ಬಗ್ಗೆ ಕಾಲೇಜಿನವರು ಹೆಚ್ಚು ಕೇಳುತ್ತೀರಿ. ಲೇಸರಿನ ಬೆಳಕು ಹುಡುಕುವುದು ಕೂದಲಿನ ಕಪ್ಪು ಬಣ್ಣಕ್ಕೆ ಕಾರಣವಾದ ಮೆಲನಿನ್ನನ್ನು. ಮೆಲನಿನ್ ಬೆಳಕನ್ನು ಹೀರಿ ಕಾದು, ಆ ಕಾವು ಬೇರನ್ನು ಸುಡುತ್ತದೆ. ನೆರೆತ ಕೂದಲಿಗೆ ಲೇಸರ್ ನಾಟುವುದಿಲ್ಲ. ನಮ್ಮಂಥ ಕಂದು ಚರ್ಮದವರಲ್ಲಿ ತೊಡಕು ಇನ್ನೊಂದು: ಮೆಲನಿನ್ ಚರ್ಮದಲ್ಲೂ ಧಾರಾಳವಾಗಿದೆ, ಅದೂ ಕಾಯುತ್ತದೆ. ಸರಿಯಾದ ತರಂಗದೂರವನ್ನು ಆರಿಸದಿದ್ದರೆ ಸುಟ್ಟ ಕಲೆ ಉಳಿಯುತ್ತದೆ. ಕಂದು ಚರ್ಮಕ್ಕೆ 1064 ನ್ಯಾನೊಮೀಟರಿನ ಲೇಸರ್ ಹೆಚ್ಚು ಸುರಕ್ಷಿತ. ಅದು ಚರ್ಮದ ಮೇಲ್ಪದರವನ್ನು ದಾಟಿ ಆಳಕ್ಕೆ ಇಳಿಯುತ್ತದೆ. ಎಲ್ಲ ಕೂಪಗಳೂ ಒಟ್ಟಿಗೆ ದುಡಿಯುತ್ತಿರುವುದಿಲ್ಲ ಎಂದೆವಲ್ಲ, ಮಲಗಿರುವ ಕೂಪ ಲೇಸರಿಗೆ ಸಿಗದು. ವಾರಗಳ ಅಂತರದಲ್ಲಿ ಹಲವು ಸಲ ಹೋಗಬೇಕಾಗುವುದು ಅದಕ್ಕೇ. ಒಂದೇ ದಿನದಲ್ಲಿ ಶಾಶ್ವತವಾಗಿ ತೆಗೆಯುತ್ತೇವೆನ್ನುವ ಫಲಕ ಕಂಡರೆ ಒಳಗೆ ಚರ್ಮವೈದ್ಯರಿದ್ದಾರೆಯೆ ಎಂದು ವಿಚಾರಿಸಿ.

ಕೊನೆಯದಾಗಿ, ಹೆಸರು ಬರೆಯದೆ ಪ್ರಶ್ನೆ ಕಳಿಸಿದ ಹುಡುಗಿಯರಿಗೆ. ಮೇಲ್ದುಟಿ, ಕೈಕಾಲುಗಳಲ್ಲಿ ಕೂದಲಿರುವುದು ರೋಗವಲ್ಲ. ಅಮ್ಮ, ಅಜ್ಜಿ, ಅತ್ತೆಯರ ಹಳೆಯ ಫೋಟೋ ನೋಡಿದರೆ ಬಹುಪಾಲು ಉತ್ತರ ಅಲ್ಲೇ ಸಿಗುತ್ತದೆ. ಆದರೆ ಗದ್ದ, ಎದೆ, ಹೊಟ್ಟೆಯ ಮೇಲೆ ದಪ್ಪ ಕೂದಲು ಕೆಲವು ತಿಂಗಳಲ್ಲಿ ಏಕಾಏಕಿ ಹೆಚ್ಚಾದರೆ, ಮುಟ್ಟು ತಪ್ಪುತ್ತಿದ್ದರೆ, ಮೊಡವೆ ಮತ್ತು ತೂಕ ಒಟ್ಟಿಗೆ ಏರುತ್ತಿದ್ದರೆ ಅಂಡಾಶಯದ ‘ಪಿಸಿಒಎಸ್’ ಎಂಬ ತೊಂದರೆ ಇರಬಹುದು. ಇದು ಅಪರೂಪದ್ದಲ್ಲ, ಚಿಕಿತ್ಸೆಯಿದೆ. ಮೈಯ ಯಾವ ಭಾಗದಲ್ಲಿ ಎಷ್ಟು ಕೂದಲಿದೆಯೆಂದು ಅಂಕ ಹಾಕಿ ಅಳೆಯುವ ಪದ್ಧತಿಯನ್ನು ಫೆರಿಮನ್ ಮತ್ತು ಗಾಲ್ವೆ ಎಂಬುವರು 1961ರಲ್ಲಿ ರೂಪಿಸಿದರು. ಅದನ್ನು ತಿದ್ದಿ ವೈದ್ಯರು ಈಗಲೂ ಬಳಸುತ್ತಾರೆ. ಆದ್ದರಿಂದ ವೈದ್ಯರಲ್ಲಿಗೆ ಹೋಗುವ ಮುಂಚಿನ ಕೆಲವು ವಾರ ಕೂದಲು ತೆಗೆಯದೆ ಹಾಗೆಯೇ ಬಿಡಿ. ಕಳೆದ ಆರು ತಿಂಗಳ ಮುಟ್ಟಿನ ದಿನಾಂಕಗಳನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಜಿಲ್ಲಾ ಆಸ್ಪತ್ರೆಯಲ್ಲಿ ಸ್ತ್ರೀರೋಗ ತಜ್ಞರ ಹೊರರೋಗಿ ವಿಭಾಗ ಎಲ್ಲಿದೆಯೆಂದು ಚೀಟಿ ಬರೆಸುವ ಕಡೆ ಕೇಳಿದರೆ ತೋರಿಸುತ್ತಾರೆ.